ಡಚ್ ಮೂಗಿಲ್ಲದ ಎಸ್ತೆರ್

ಎಸ್ತೆರ್ ಹಸಿ ಬದನೆಕಾಯಿಯನ್ನು ಸೌತೆಕಾಯಿಯ ಹಾಗೆ ಕಚ್ಚಿ ತಿನ್ನುತ್ತಿದ್ದಳು. ಜೊತೆಗೆ ಕಣ್ಣಲ್ಲಿ ನೀರು ಬರಿಸುವ ಮೆಣಸಿನ ಚಟ್ನಿ. "ಆಡು ಸಾಕಿದ ಹಾಗಾಯ್ತು ಮಾರಾಯ್ತಿ" ಎಂದು ನನ್ನ ಗಂಡ ತಮಾಷೆ ಮಾಡಿದರೆ, "ಆಡಿಗೆ ಡಾಕ್ಟರ್ ಬೇಡ ಅಣ್ಣ" ಎನ್ನುವಳು. ಎಂಬತ್ತರ ದಶಕದ ಕೊನೆಯಲ್ಲಿ, ನಾವಿಬ್ಬರೂ ಗಲ್ಫಿನ ರೂವಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಾಗ ಮಗಳನ್ನು ನೋಡಿಕೊಳ್ಳಲು ಬಂದವಳು. ಪಶ್ಚಿಮ ಜಾವಾದ ಸುಂಡಾ ಜನಾಂಗದವಳು. ನಮ್ಮ ಮಂಗಳೂರು ಕನ್ನಡವನ್ನು ಮಗಳಿಗಿಂತ ಮೊದಲು ಕಲಿತಳು. ಮಗಳು ಹೇಗೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದಳು.

ಅವಳ ಮುತ್ತಜ್ಜನನ್ನು ಕ್ರೈಸ್ತನನ್ನಾಗಿ ಮಾಡಿದವರು ಡಚ್ ಪಾದ್ರಿಗಳು. ಸುತ್ತಲಿನವರೆಲ್ಲ ಮುಸಲ್ಮಾನರು. ಬಂಧುಗಳು ಹೊರಹಾಕಿದಾಗ ಪಾದ್ರಿಗಳು ಕಾಡು ಕಡಿಸಿ, ಗದ್ದೆ ಕೊಟ್ಟು, ಕ್ರೈಸ್ತರದ್ದೇ ಒಂದು ಊರು ಕಟ್ಟಿದರಂತೆ. ನನಗೆ ಇದು ಹೊಸ ಕಥೆಯಲ್ಲ. ಜರ್ಮನ್ ಪಾದ್ರಿಗಳಿಂದ ದೀಕ್ಷಾಸ್ನಾನ ಪಡೆದ ನನ್ನ ಮುತ್ತಜ್ಜನೂ ಮನೆ ಬಿಟ್ಟು ಮಂಗಳೂರಿನ ಹಂಚಿನ ಕಾರ್ಖಾನೆಯ ಪಕ್ಕ ಬಿಡಾರ ಹೂಡಿದವನೇ.

"ಪಾದ್ರಿಗಳು ನಮಗೆ ಊರು ಕೊಟ್ಟರು ಅಕ್ಕ, ನೆಂಟರನ್ನು ಕೊಡ್ಲಿಲ್ಲ" ಎನ್ನುತ್ತಿದ್ದಳು. ಉಳಿದ ಸುಂಡಾ ಜನರು ಆಗಲೂ ಆ ಊರಿನ ಕ್ರೈಸ್ತರನ್ನು 'ಡಚ್ಚರು' ಎಂದೇ ಕರೆಯುತ್ತಿದ್ದರಂತೆ. "ನನ್ನ ಮೂಗು ನೋಡಿ, ಇದು ಡಚ್ ಮೂಗಾ?"

ಶುಕ್ರವಾರ ರೂವಿಯ ಪಾರ್ಕಿನಲ್ಲಿ ಮನೆಗೆಲಸದ ಸುಂಡಾ ಹೆಂಗಸರು ಸೇರುತ್ತಿದ್ದರು. ಎಲ್ಲರೂ ಮುಸಲ್ಮಾನರು. ಎಸ್ತೆರ್ ಅವರ ಹತ್ತಿರ ತಾನೂ ಮುಸಲ್ಮಾನಳೆಂಬಂತೆ ತನ್ನ ಹೆಸರು ಸಿತಿ ಎಂದು ಹೇಳಿಕೊಂಡಿದ್ದಳು. "ಗೊತ್ತಾದ್ರೆ ಖಲಾಸ್ ಅಕ್ಕ. ಮತ್ತೆ ನನ್ನ ಭಾಷೆ ಮಾತಾಡ್ಲಿಕ್ಕೆ ಇಲ್ಲಿ ಯಾರಿದ್ದಾರೆ?"

ಒಂದು ಶುಕ್ರವಾರ ನಾನೂ ಹೋಗಿದ್ದೆ. ಬಾಳೆಲೆಯನ್ನು ಉದ್ದಕ್ಕೆ ಹಾಸಿ, ಅನ್ನ ಸುರಿದು, ಎಲ್ಲರೂ ಒಟ್ಟಿಗೆ ಕೈಹಾಕಿ ಉಣ್ಣುವುದು ಅವರ ಪದ್ಧತಿ. ಅನ್ನ ಕಂಡದ್ದೇ ತಡ, ಎಸ್ತೆರ್ ಮೈಮರೆತು ಕೈಜೋಡಿಸಿ, ಕಣ್ಣು ಮುಚ್ಚಿ, ಗಟ್ಟಿಯಾಗಿ ಸುಂಡಾ ಭಾಷೆಯಲ್ಲಿ ಪ್ರಾರ್ಥನೆ ಶುರುಮಾಡಿಬಿಟ್ಟಳು. ಹುಟ್ಟುಗುಣ ಸುಟ್ಟರೂ ಹೋಗದು! ಆಮೆನ್ ಎಂದು ಕಣ್ಣು ತೆರೆದಾಗ ಎಲ್ಲರೂ ಅವಳನ್ನೇ ನೋಡುತ್ತಿದ್ದರು.

ಹಿರಿಯಳಾದ ಈಸ್ ಎಂಬಾಕೆ ಏನೋ ಕೇಳಿದಳು. ಎಸ್ತೆರ್ ತಲೆತಗ್ಗಿಸಿ ಉತ್ತರಿಸಿದಳು. ಈಸ್ ಇನ್ನೇನೋ ಅಂದು ಅನ್ನವನ್ನು ಅವಳ ಕಡೆ ಸರಿಸಿದಳು, ಹೆಂಗಸರೆಲ್ಲ ನಕ್ಕರು. ಮನೆಗೆ ಬರುವ ದಾರಿಯಲ್ಲಿ ಎಸ್ತೆರ್ ಅಳುತ್ತಲೇ ಅರ್ಥ ಹೇಳಿದಳು. "'ನಿನ್ನ ದೇವರಿಗೆ ನಮ್ಮ ಭಾಷೆ ಬರ್ತದಾ?' ಕೇಳಿದ್ರು ಅಕ್ಕ. ನಮ್ಮ ಅಜ್ಜಿ ಬೇರೆ ಯಾವ ಭಾಷೆಯಲ್ಲೂ ಪ್ರಾರ್ಥನೆ ಮಾಡ್ಲಿಲ್ಲ ಅಂದೆ. 'ಹಾಗಾದ್ರೆ ನೀನೆಂಥ ಡಚ್ಚು ಮಾರಾಯ್ತಿ, ಉಣ್ಣು' ಅಂದ್ರು."

ತೊಂಬತ್ತರ ದಶಕದಲ್ಲಿ ಅವಳು ಊರಿಗೆ ಹೊರಟಾಗ ಆ ಹೆಂಗಸರೂ ವಿಮಾನ ನಿಲ್ದಾಣಕ್ಕೆ ಬಂದಿದ್ದರು. ನಾನು ಕರವಸ್ತ್ರ ಹಿಡಿದು ಅಳಲು ಸಿದ್ಧಳಾಗಿಯೇ ನಿಂತಿದ್ದೆ. ಅವಳು ಒಬ್ಬೊಬ್ಬರನ್ನೂ ತಬ್ಬಿಕೊಂಡು, ನಗುತ್ತ ಅಳುತ್ತ ತನ್ನ ಭಾಷೆಯಲ್ಲಿ ಮಾತಾಡುತ್ತ, ನನಗೆ ಹೋಗಿಬರುತ್ತೇನೆಂದು ಹೇಳುವುದನ್ನೇ ಮರೆತು ಒಳಗೆ ನಡೆದುಬಿಟ್ಟಳು. ಸುಳ್ಳೇಕೆ, ಹೊಟ್ಟೆಕಿಚ್ಚಾಯಿತು. ಅದಕ್ಕಿಂತ ಹೆಚ್ಚು ಸಂತೋಷವಾಯಿತು.