ಕಾಕು ಕಲಿಸಿದ ಹೆಸರು

ಲೋಬಾನದ ಹೊಗೆ ಮೂಗಿಗೆ ಬಡಿದರೆ ಸಾಕು, ಇವತ್ತಿಗೂ ನನಗೆ ಒಂದು ಹಳೆಯ ಬಚ್ಚಲು ಕಣ್ಣಿಗೆ ಕಟ್ಟುತ್ತದೆ. ಮೊನ್ನೆ ಮೊಮ್ಮಗನ ಹೆಂಡತಿ ತನ್ನ ಮಗಳಿಗೆ ಜಳಕ ಮಾಡಿಸಿ, ಮೈ ಒರೆಸಿ, ಕೆಂಡದ ಮೇಲೆ ಚಿಟಿಕೆ ಲೋಬಾನ ಉದುರಿಸಿದಳು. ಹುಡುಗಿ ಈಗಷ್ಟೇ ಮಾತು ಕಲಿತವಳು, ಪಟಪಟ ಪ್ರಶ್ನೆ ಹಾಕುತ್ತಾಳೆ. ಇದಕ್ಕ ಏನಂತಾರ, ಇದಕ್ಕ ಏನಂತಾರ ಎಂದು ಕಿವಿಯಿಂದ ಶುರು ಮಾಡಿದಳು. ಕಿವಿ, ಗದ್ದ, ಭುಜ, ಹೊಕ್ಕಳ... ತಾಯಿ ಹೇಳುತ್ತಲೇ ಇದ್ದಳು. ಹೊಕ್ಕಳು ದಾಟಿದ್ದೇ ತಡ, "ಶೀ! ಅದನ್ನ ಕೇಳಬಾರದು" ಎಂದು ಬಾಯಿ ಮುಚ್ಚಿಸಿದಳು. ಹುಡುಗಿ ಪಿಳಿಪಿಳಿ ನೋಡಿತು. ನನಗೆ ಕಾಕು ನೆನಪಾದಳು.

ಕಾಕು ಅಂದರೆ ನಮ್ಮ ಕಾಕನ ಹೆಂಡತಿ, ಅಪ್ಪನ ತಮ್ಮನ ಹೆಂಡತಿ. ನಿಜಾಮರ ರಾಜ್ಯದ ದಿನಗಳು ಅವು. ಕಾಸಾರಶಿರಸಿಯಿಂದ ಗಾಡಿ ಕಟ್ಟಿದರೆ ಬಿಸಿಲೇರುವುದರೊಳಗೆ ಮುಟ್ಟುವಂಥ ಊರು ನಮ್ಮದು. ಕಚೇರಿಗೆ ಉರ್ದು, ಸಂತೆಗೆ ಮರಾಠಿ, ಮನೆಯೊಳಗೆ ಕನ್ನಡ. ಮೂರು ಭಾಷೆಯಲ್ಲಿ ಜಗಳಾಡಬಲ್ಲ ಜನ ನಾವು! ಕಾಕ ಜ್ವರ ಬಂದು ಸಣ್ಣ ವಯಸ್ಸಿನಲ್ಲೇ ಹೋಗಿಬಿಟ್ಟಿದ್ದ. ಕಾಕು ಅದೇ ಮನೆಯಲ್ಲಿ, ಅದೇ ಅಡಿಗೆಮನೆಯಲ್ಲಿ ಉಳಿದಳು. ಎತ್ತರದ ಹೆಂಗಸು, ಗಟ್ಟಿ ರಟ್ಟೆ, ಗಟ್ಟಿ ದನಿ. ಹೊಲದ ಬದುವಿನಲ್ಲಿ ನಿಂತು ಕರೆದರೆ ಬಾವಿಯ ಹತ್ತಿರ ಇದ್ದವರು ತಿರುಗಿ ನೋಡಬೇಕು, ಅಂಥ ದನಿ.

ಮನೆಯ ಮಕ್ಕಳಿಗೆಲ್ಲ ಎರೆಯುವ ಕೆಲಸ ಅವಳದ್ದು. ತಾಮ್ರದ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ನಮ್ಮನ್ನು ಒಬ್ಬೊಬ್ಬರನ್ನಾಗಿ ಕಲ್ಲಿನ ಮೇಲೆ ನಿಲ್ಲಿಸಿ, ನೀರು ಹೊಯ್ಯುತ್ತ ಮೈಯ ಒಂದೊಂದೇ ಹೆಸರು ಹೇಳಿಸುತ್ತಿದ್ದಳು. ಅವಳು "ಇದು?" ಅನ್ನಬೇಕು, ನಾವು ಕೂಗಬೇಕು. ಹಣಿ, ಕಣ್ಣು, ಮೂಗು, ಗದ್ದ, ಎದಿ, ಹೊಟ್ಟಿ, ಹೊಕ್ಕಳ, ಉಚ್ಚಿಬಾಯಿ, ಕುಂಡಿ, ತೊಡಿ, ಮೊಣಕಾಲು, ಹಿಮ್ಮಡ. ಹೆಣ್ಣಿಗೂ ಅದೇ ಪಾಠ, ಗಂಡಿಗೂ ಅದೇ ಪಾಠ. ಮೂಗನ್ನು ಹೇಳಿದ ದನಿಯಲ್ಲೇ ಎಲ್ಲವನ್ನೂ ಹೇಳಬೇಕು. ನಕ್ಕರೆ ಬೆನ್ನಿಗೊಂದು ಏಟು. ಪಿಸುಗುಟ್ಟಿದರೆ, "ಯಾಕ, ಕದ್ದು ತಂದೀ ಏನು?" ಎಂದು ಮತ್ತೊಮ್ಮೆ ಮೊದಲಿನಿಂದ. ಹೊಕ್ಕಳದ ಹತ್ತಿರ ಬಂದಾಗ ಮಾತ್ರ ಅವಳ ಕೈ ತುಸು ನಿಲ್ಲುತ್ತಿತ್ತು. ನೀರು ತುಂಬಿಕೊಳ್ಳುತ್ತಿದ್ದಾಳೆ ಎಂದು ನಾನು ತಿಳಿದಿದ್ದೆ.

ಯಾಕೆ ನಿಲ್ಲುತ್ತಿತ್ತು ಎನ್ನುವುದನ್ನು ಅವ್ವ ಎಷ್ಟೋ ವರ್ಷದ ಮೇಲೆ ಹೇಳಿದಳು.

ಕಾಕುಗೆ ಒಬ್ಬ ಮಗಳಿದ್ದಳು. ನನಗಿಂತ ಸ್ವಲ್ಪ ದೊಡ್ಡವಳು. ನನಗೆ ಅವಳ ಮುಖ ನೆನಪಿಲ್ಲ, ಅವಳ ಉಡದಾರಕ್ಕೆ ತೂಗುತ್ತಿದ್ದ ಬೆಳ್ಳಿಯ ಎಲೆ ಮಾತ್ರ ಮಸುಕಾಗಿ ನೆನಪಿದೆ. ನಮ್ಮ ಕಡೆ ಆಗ ಹೆಣ್ಣುಕೂಸು ಲಂಗ ಉಡುವ ತನಕ ಹಾಗೆ ಒಂದು ಎಲೆ ಕಟ್ಟುತ್ತಿದ್ದರು, ಮಾನ ಮುಚ್ಚಲಿ ಎಂದು. ಎಲೆಗೆ ಹೆಸರಿತ್ತು, ಉಡದಾರಕ್ಕೆ ಹೆಸರಿತ್ತು, ಅದನ್ನು ಬಡಿದುಕೊಟ್ಟ ಅಕ್ಕಸಾಲಿಗನಿಗೂ ಹೆಸರಿತ್ತು. ಎಲೆಯ ಹಿಂದಿನದ್ದಕ್ಕೆ ಇರಲಿಲ್ಲ. ಗಂಡುಹುಡುಗರಿಗಾದರೆ ಮುದುಕಿಯರು ಮುದ್ದಿನ ಹೆಸರು ಇಟ್ಟು ಲಟಿಗೆ ಮುರಿಯುತ್ತಿದ್ದರು. ಹುಡುಗಿಯರ ಪಾಲಿಗೆ ಇದ್ದದ್ದು ಎತ್ತು ಹೊಡೆಯುವಾಗ ಗಂಡಸರ ಬಾಯಲ್ಲಿ ಬರುವ ಬೈಗುಳ ಒಂದೇ. ಅದನ್ನು ಯಾವ ತಾಯಿ ತನ್ನ ಕೂಸಿಗೆ ಕಲಿಸಿಯಾಳು? ಹಾಗಾಗಿ ಏನೂ ಕಲಿಸುತ್ತಿರಲಿಲ್ಲ. ಶೀ ಅನ್ನುತ್ತಿದ್ದರು, ಅಷ್ಟೇ.

ಆ ಹುಡುಗಿ ಒಂದು ಬೇಸಿಗೆಯಲ್ಲಿ ನೀರು ಕುಡಿಯುವುದನ್ನು ಬಿಟ್ಟಳಂತೆ. ಹಿತ್ತಲಿಗೆ ಹೋಗಲು ಹೆದರುತ್ತಿದ್ದಳಂತೆ. ಹೋದರೆ ಅಳುತ್ತ ಬರುತ್ತಿದ್ದಳು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಪಡಸಾಲೆಯಲ್ಲಿ ಎಲ್ಲರ ಎದುರಿಗೆ ಕೂಡಿಸಿಕೊಂಡು, "ಎಲ್ಲಿ ನೋಯ್ತದ ತಂಗೀ?" ಎಂದು ಕೇಳಿದಳು. ಹುಡುಗಿ ಕೈ ಕೆಳಗೆ ಒಯ್ದಿತು. "ಶೀ, ಕೈ ತೆಗಿ! ಮುತ್ಯಾ ಕುಂತಾನ" ಎಂದರು ಯಾರೋ, ಅಜ್ಜನ ಕಡೆ ಕಣ್ಣು ತೋರಿಸಿ. ಅದು ಕೈಯನ್ನು ಮೇಲೆ ತಂದು ಹೊಟ್ಟೆಯ ಮೇಲೆ ಇಟ್ಟುಕೊಂಡಿತು.

ಹೊಟ್ಟೆನೋವು ಅಂದರೆ ನಮ್ಮಲ್ಲಿ ಚುಟಿಗಿ. ಅರಿಶಿನದ ಕೊಂಬನ್ನು ದೀಪಕ್ಕೆ ಹಿಡಿದು, ಅದು ಕೆಂಪಗಾದಾಗ ಹೊಕ್ಕಳದ ಸುತ್ತ ಚುಟುಚುಟು ಇಡುವುದು. ಆಯಿಯ ಕೈ ಅದರಲ್ಲಿ ಪಳಗಿದ ಕೈ, ಸುತ್ತಲಿನ ಊರಿನವರೂ ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದರು. ಕಾಲು ಹಿಡಿದುಕೊಂಡವಳು ಕಾಕುವೇ. ತನ್ನ ಕೈಯಾರೆ ಹಿಡಿದುಕೊಂಡಳು... ಮರುದಿನ ಹೇಗಿದೆ ಎಂದು ಕೇಳಿದರೆ ಹುಡುಗಿ ನೋವು ಹೋಯಿತು ಅಂದಿತು. ಇಲ್ಲ ಅಂದರೆ ಮತ್ತೆ ಕೊಂಬು ಕಾಯಿಸುತ್ತಾರಲ್ಲ! ಎಲ್ಲರೂ ಸಮಾಧಾನಪಟ್ಟರು. ಮೈ ಕೆಂಡದಂತೆ ಸುಡತೊಡಗಿದ ಮೇಲೆಯೇ ಉದಗೀರಿನ ಹಕೀಮರ ಹತ್ತಿರ ಒಯ್ಯಲು ಗಾಡಿ ಕಟ್ಟಿದ್ದು.

ಗಾಡಿಯಲ್ಲಿ ತಾಯಿ ಮಗಳು ಇಬ್ಬರೇ. ಮುಂದೆ ಗಾಡಿ ಹೊಡೆಯುವವನ ಬೆನ್ನು. ಊರು ಹಿಂದೆ ಬಿದ್ದ ಮೇಲೆ ಹುಡುಗಿ ಮೆಲ್ಲಗೆ ಅಂದಿತಂತೆ, "ಅವ್ವಾ, ಹೊಟ್ಟಿ ಅಲ್ಲ."

"ಮತ್ತ ಎಲ್ಲಿ, ನನ್ನವ್ವಾ?"

ಹುಡುಗಿ ಬಾಯಿ ತೆರೆಯಿತು. ಹೇಳಲು ಅದರ ಹತ್ತಿರ ಏನೂ ಇರಲಿಲ್ಲ. ಉಡದಾರದ ಬೆಳ್ಳಿ ಎಲೆಯನ್ನು ಬೆರಳಲ್ಲಿ ಹಿಡಿದು ತೋರಿಸಿತು.

ಹಕೀಮರು ನೋಡಿ ತಲೆ ಅಲ್ಲಾಡಿಸಿದರು. ಉಚ್ಚೆ ಕಟ್ಟಿಕೊಂಡು ಒಳಗೆಲ್ಲ ನಂಜೇರಿತ್ತು. ಮೊದಲೇ ಹೇಳಿದ್ದರೆ ಔಷಧಿ ಇತ್ತು ಅಂದರು. ಅದೇ ಗಾಡಿಯಲ್ಲಿ ಕಾಕು ಮಗಳ ಹೆಣ ತಂದಳು. ಆ ಬೆಳ್ಳಿ ಎಲೆಯನ್ನು ಬಿಚ್ಚಿಟ್ಟುಕೊಂಡು, ತನ್ನ ಕೊರಳಿನ ಶಿವದಾರಕ್ಕೆ, ಲಿಂಗದ ಕರಡಿಗೆಯ ಪಕ್ಕದಲ್ಲೇ ಕಟ್ಟಿಕೊಂಡಳು. ಲಿಂಗದ ಜೋಡಿ ಅದನ್ನು ಕಟ್ಟುತ್ತಾರೆಯೇ ಎಂದು ಆಯಿ ಕೂಗಾಡಿದಳು. ಕಾಕು ಬಿಚ್ಚಲಿಲ್ಲ.

ಆಮೇಲೆ ಅವಳು ಆ ಎಲೆಯ ಹಿಂದಿನದ್ದಕ್ಕೆ ಒಂದು ಮಾತು ಹುಡುಕಲು ಹೊರಟಳು. ಎಂಥ ಹುಚ್ಚು ಅಂದುಕೊಂಡರು ಜನ. ಮಠದ ಅಯ್ಯನವರು ಪೂಜೆಗೆ ಬಂದಾಗ, ಪಾದಕ್ಕೆ ನೀರು ಹಾಕಿ ನೇರವಾಗಿ ಕೇಳಿಯೇಬಿಟ್ಟಳು. ಪಾಪ, ಅಯ್ಯನವರು ಒಳ್ಳೆಯವರು, ಬೈಯಲಿಲ್ಲ. ಕಣ್ಣು ಮುಚ್ಚಿ ಯೋಚಿಸಿ ಒಂದು ಸಂಸ್ಕೃತದ ಮಾತು ಹೇಳಿದರು. ಅದರ ಅರ್ಥ ಏನ್ರಿ ಎಂದು ಕಾಕು ಕೇಳಿದಳು. ಮುಚ್ಚಿಡಬೇಕಾದದ್ದು ಎಂದು ಅರ್ಥ, ತಾಯಿ, ಅಂದರು.

"ಅದು ಬ್ಯಾಡ್ರಿ ಅಯ್ಯನೋರೆ. ಮುಚ್ಚಿಟ್ಟೇ ನನ್ನ ಮಗಳು ಹೋಗ್ಯಾಳ."

ಮರಾಠಿ ಮಾತಾಡುವ ನೆರೆಮನೆಯವಳು ತಮ್ಮಲ್ಲಿ ಅದಕ್ಕೆ ಬರೀ ಜಾಗಾ ಅನ್ನುತ್ತಾರೆ ಅಂದಳು. ಕಾಕುಗೆ ಅದೂ ಹಿಡಿಸಲಿಲ್ಲ. ಜಾಗಾ ಅಂದರೆ ಮನೆ ಮುಂದಿನ ಅಂಗಳವಾದೀತು, ಮೈ ಹೇಗಾದೀತು ಅನ್ನುವುದು ಅವಳ ತಕರಾರು. ಕೊನೆಗೆ ತಾನೇ ಕಟ್ಟಿಕೊಂಡಳು, ಉಚ್ಚಿಬಾಯಿ ಎಂದು. ಚೀಲಕ್ಕೆ ಬಾಯಿ ಇಲ್ಲವೇ, ಗಾಯಕ್ಕೆ ಬಾಯಿ ಇಲ್ಲವೇ, ಹಾಗೆ ಇದು. ಬೈಗುಳದ ಹೊಲಸಿಲ್ಲ, ಮಂತ್ರದ ಮಡಿಯಿಲ್ಲ. ಹಸುಗೂಸಿಗೂ ತಿಳಿಯುತ್ತದೆ. ಆ ಮಾತನ್ನು ಹಿಡಿದುಕೊಂಡು ಅವಳು ಬಚ್ಚಲಿಗೆ ನಿಂತಳು. ಇನ್ನು ಈ ಮನೆಯಲ್ಲಿ ಯಾವ ಕೂಸೂ ಬಾಯಿ ತೆರೆದು ಸುಮ್ಮನಾಗಬಾರದು, ಅದೊಂದೇ ಅವಳ ಹಟ.

ಹಟ ಬಹಳ ದಿನ ನಡೆಯಲಿಲ್ಲ. ನಮ್ಮ ಸೋದರತ್ತೆಯನ್ನು ನೋಡಲು ಜಳಕೋಟದಿಂದ ಬೀಗರು ಬಂದಿದ್ದರು. ಪಡಸಾಲೆಯ ತುಂಬ ರುಮಾಲು. ಬೀಗರ ಪೈಕಿ ಒಬ್ಬ ಹಿರಿಯರು ನನ್ನನ್ನು ತೊಡೆಯ ಮೇಲೆ ಕೂಡಿಸಿಕೊಂಡು, ನಿನಗೆ ಏನೇನು ಬರ್ತದ ತಂಗೀ ಎಂದು ಕೇಳಿದರು. ನಾನು ಇಳಿದು, ಕೈ ಕಟ್ಟಿ ನಿಂತು, ಬಚ್ಚಲ ಪಾಠವನ್ನು ಹಣೆಯಿಂದ ಹಿಮ್ಮಡದ ತನಕ ಒಂದೂ ಬಿಡದೆ ಒಪ್ಪಿಸಿದೆ. ಗಟ್ಟಿಯಾಗಿ, ಕಾಕುವಿನ ದನಿಯಲ್ಲೇ! ಬೀಗರು ಊಟ ಮಾಡದೆ ಎದ್ದರು.

ಆಯಿ ಅವತ್ತು ಆಡಿದ ಮಾತು ಬಾಗಿಲ ಮರೆಯಲ್ಲಿ ನಿಂತ ನನಗೆ ಕೇಳಿಸಿತು. "ನಿನ್ನ ಮಗಳನ್ನ ನುಂಗಿ ಕುಂತಿ. ಈಗ ನನ್ನ ಮನಿ ಮಾನ ನುಂಗಬ್ಯಾಡ. ಇನ್ನ ಹುಡುಗರ ಮೈ ಮುಟ್ಟಿದಿ ಅಂದ್ರ ನೋಡು!"

ಕಾಕು ಏನಾದರೂ ತಿರುಗಿ ಕೂಗುತ್ತಾಳೆ ಅಂದುಕೊಂಡಿದ್ದೆ. ಅಷ್ಟು ದೊಡ್ಡ ದನಿಯ ಹೆಂಗಸು... "ಇಲ್ರಿ ಅತ್ತಿ" ಅಂದಳು. ಮರುದಿನದಿಂದ ಅವ್ವ ನಮಗೆ ಎರೆದಳು, ಬಾಯಿ ಬಿಗಿದುಕೊಂಡು, ಗಡಿಬಿಡಿಯಲ್ಲಿ. ಕಾಕು ಬಚ್ಚಲ ಬಾಗಿಲ ತನಕ ಬಂದು, ಒಲೆಗೆ ಕಟ್ಟಿಗೆ ನೂಕಿ, ಹಿಂದಿರುಗುತ್ತಿದ್ದಳು. ಸುಗ್ಗಿ ಮುಗಿಯುವುದರೊಳಗೆ ದೇವಣಿಯಿಂದ ಅವಳ ಅಣ್ಣ ಬಂದು ತವರಿಗೆ ಕರೆದೊಯ್ದ. ಗಾಡಿ ಹತ್ತುವ ಮುಂಚೆ ನನ್ನ ಗದ್ದ ಹಿಡಿದು, "ಮರೀಬ್ಯಾಡ ಮತ್ತ" ಅಂದಳು. ಏನನ್ನು ಎಂದು ನನಗೆ ಗೊತ್ತಿತ್ತು.

ಅದರ ಮುಂದಿನ ಬೇಸಿಗೆಯಲ್ಲಿ ನನಗೇ ಬಂತು. ಹಿತ್ತಲಿಗೆ ಹೋದರೆ ಖಾರ ಹಚ್ಚಿದಂತೆ ಉರಿ, ಜೊತೆಗೆ ಜ್ವರ. ನಾನು ಅಡಿಗೆಮನೆಗೆ ಹೋಗಿ ರೊಟ್ಟಿ ಬಡಿಯುತ್ತಿದ್ದ ಅವ್ವನ ಮುಂದೆ ನಿಂತು, "ಅವ್ವಾ, ಉಚ್ಚಿಬಾಯಿ ಉರೀತದ" ಅಂದೆ. ಅವ್ವನ ಕೈ ಹಿಟ್ಟಿನಲ್ಲೇ ನಿಂತಿತು. ಒಲೆಯ ಹತ್ತಿರ ಆಯಿ ಕೂತಿದ್ದಳು. ಬೈಯುತ್ತಾಳೆ ಎಂದು ಕಾದೆ. ಆಯಿ ಬೈಯಲಿಲ್ಲ. ಅರಿಶಿನದ ಕೊಂಬಿನ ಗಡಿಗೆಯ ಕಡೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡು, "ಗಾಡಿ ಕಟ್ಟಸ್ರೋ, ಲಗೂನ ಕಟ್ಟಸ್ರೋ" ಎಂದು ಕೂಗಿದಳು.

ಹಕೀಮರ ಮುಂದೆಯೂ ಅಪ್ಪ ತಡವರಿಸುತ್ತಿದ್ದ. ನಾನೇ ಹೇಳಿದೆ. ಸೌತೆಬೀಜ ಕುಟ್ಟಿದ ಪುಡಿ, ಜವೆಗೋಧಿಯ ನೀರು, ಇನ್ನೂ ಏನೇನೋ ಕಹಿ ಕೊಟ್ಟರು. ಉದಗೀರಿನಲ್ಲೇ ಉಳಿದು ಕುಡಿದೆ. ಉರಿ ಆರಿತು, ಜ್ವರ ಇಳಿಯಿತು. ತಿರುಗಿ ಬರುವಾಗ ನಾನು ಹಟ ಹಿಡಿದೆ, ದೇವಣಿಗೆ ಹೋಗೋಣ, ಕಾಕುಗೆ ಹೇಳಬೇಕು ಎಂದು. ಅಪ್ಪ ಗಾಡಿ ತಿರುಗಿಸಿದ.

ಅಯ್ಯ ಶಿವನೇ, ಆ ಮನೆಯ ಬಾಗಿಲಲ್ಲಿ ನಿಂತಾಗಲೇ ಏನೋ ತಪ್ಪಿದೆ ಅನಿಸಿತು. ಅಂಗಳದ ತನಕ ಕೇಳಬೇಕಾದ ದನಿ ಇರಲಿಲ್ಲ. ಕಾಕು ಒಳಕೋಣೆಯಲ್ಲಿ ಕೌದಿಯ ಮೇಲೆ ಮಲಗಿದ್ದಳು. ಲಕ್ವಾ ಹೊಡೆದಿತ್ತು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು, ಗಟ್ಟಿ ರಟ್ಟೆ ಮೈಪಕ್ಕದಲ್ಲಿ ಸುಮ್ಮನೆ ಬಿದ್ದಿತ್ತು. "ಮಾತು ಹೋಗ್ಯಾದವ್ವಾ" ಎಂದಳು ಅವಳ ಅತ್ತಿಗೆ. ಆ ಹೆಂಗಸಿನ ಮಾತು!

ನಾನು ಹತ್ತಿರ ಕೂತು ಎಲ್ಲ ಹೇಳಿದೆ. ನೋವು ಬಂದದ್ದು, ಅವ್ವನಿಗೆ ಹೇಳಿದ್ದು, ಆಯಿ ಗಾಡಿ ಕಟ್ಟಿಸಿದ್ದು. ಅವಳಿಗೆ ತಿಳಿಯಿತೋ ಇಲ್ಲವೋ ಎಂದು ಅಳು ಬಂತು. ಆಗ ಅವಳ ಚೆನ್ನಾಗಿದ್ದ ಇನ್ನೊಂದು ಕೈ ಎದ್ದು ನನ್ನ ಹಣೆಯ ಮೇಲೆ ಬಂತು. ನಾನು "ಹಣಿ" ಅಂದೆ. ಕೈ ಇಳಿಯಿತು. ಕಣ್ಣು, ಮೂಗು, ಗದ್ದ ಅಂದೆ. ಅಲ್ಲಿಗೆ ಕೈ ಸೋತಿತು. ಅದು ತನ್ನ ಕೊರಳಿಗೆ ಹೋಗಿ, ಕರಡಿಗೆಯ ಪಕ್ಕದ ಬೆಳ್ಳಿ ಎಲೆಯನ್ನು ಹುಡುಕಿ ಎತ್ತಿ ಹಿಡಿಯಿತು. ಬಾಗಿಲಲ್ಲಿ ಅಪ್ಪ ನಿಂತಿದ್ದ, ಅವಳ ಅಣ್ಣ ನಿಂತಿದ್ದ. ನಾನು ಗಟ್ಟಿಯಾಗಿ, ಮೂಗನ್ನು ಹೇಳಿದ ದನಿಯಲ್ಲೇ, "ಉಚ್ಚಿಬಾಯಿ" ಅಂದೆ. ಯಾರೂ ಶೀ ಅನ್ನಲಿಲ್ಲ. ಕಾಕುವಿನ ಕಣ್ಣಿಂದ ನೀರು ಕಿವಿಯ ಕಡೆ ಇಳಿದು ಹೋಯಿತು.

ಆ ಮಳೆಗಾಲ ಅವಳು ದಾಟಲಿಲ್ಲ. ಸಮಾಧಿಯಲ್ಲಿ ಕೂಡಿಸುವಾಗ ಬೆಳ್ಳಿ ಎಲೆಯನ್ನು ಬಿಚ್ಚಬೇಡಿ ಎಂದು ಹೇಳಿಕಳಿಸಿದವಳು ನಮ್ಮ ಆಯಿ. ಆಯಿ ಆಮೇಲೆ ಬಹಳ ವರ್ಷ ಬದುಕಿದಳು. ಚುಟಿಗಿ ಮಾತ್ರ ಮತ್ತೆ ಯಾರಿಗೂ ಹಾಕಲಿಲ್ಲ.

ಮೊನ್ನೆ ಲೋಬಾನದ ಹೊಗೆ ಆರುವ ಮೊದಲು ನಾನು ಮರಿಮೊಮ್ಮಗಳನ್ನು ಹತ್ತಿರ ಕರೆದೆ. "ಆಯೀ, ಬ್ಯಾಡ್ರಿ, ನಾಳಿ ಹೊರಗ ಎಲ್ಲರ ಮುಂದ ಅಂತಾಳ" ಎಂದು ಮೊಮ್ಮಗನ ಹೆಂಡತಿ ನಾಚಿಕೊಂಡಳು. ಅನ್ನಲಿ ಬಿಡು ತಾಯಿ, ಅನ್ನಲಿ ಎಂದೇ ಕಲಿಸುವುದು ಅಂದೆ. ಹಣೆಯಿಂದ ಶುರು ಮಾಡಿದೆವು. ಹುಡುಗಿ ಕೂಗುತ್ತ ಬಂದಳು. ಹೊಕ್ಕಳದ ಹತ್ತಿರ ನನ್ನ ದನಿ ನಿಂತಿತು. ಪ್ರತಿ ಸಲ ಅಲ್ಲಿಗೆ ಬಂದಾಗ ನಿಲ್ಲುತ್ತದೆ, ನನ್ನ ಮಕ್ಕಳಿಗೆ ಕಲಿಸುವಾಗಲೂ ನಿಲ್ಲುತ್ತಿತ್ತು. ನಾಚಿಕೆಗೆ ಅಲ್ಲ... ಮುಖ ನೆನಪಿಲ್ಲದ ಒಬ್ಬ ಹುಡುಗಿ ಅಲ್ಲಿ ಬಾಯಿ ತೆರೆದುಕೊಂಡು ನಿಂತಿರುತ್ತಾಳೆ. ಅವಳಿಗೆ ಒಂದು ಕ್ಷಣ ಕೊಟ್ಟು, ಆಮೇಲೆ ಮುಂದಿನ ಹೆಸರು ಹೇಳುತ್ತೇನೆ.