ನೀಲಿಕಲ್ಲಿಗೆ ಇಳಿದ ರಂಜಿತ

ಬಾಬುರಾಯನಕೊಪ್ಪಲಿನ ಸುತ್ತಮುತ್ತ ಯಾರ ಗದ್ದೆಯ ಪಂಪು ನೀರೆತ್ತದೆ ನಿಂತರೂ ರಂಜಿತಳಿಗೆ ಫೋನು ಬರುತ್ತದೆ. ಹೊಳೆಯೊಳಗಿನ ಪೈಪಿನ ತುದಿಯಲ್ಲಿ ಫುಟ್‌ವಾಲ್ವ್ ಇರುತ್ತದಲ್ಲ, ಅದಕ್ಕೆ ಕಸವೋ ಹರಕು ಬಟ್ಟೆಯೋ ಸಿಕ್ಕಿಕೊಂಡರೆ ಯಾರಾದರೂ ಮುಳುಗಿ ಬಿಡಿಸಬೇಕು. ಮೊದಲು ಅವಳ ಅಪ್ಪ ಹೊನ್ನಪ್ಪ ಮಾಡುತ್ತಿದ್ದ ಕೆಲಸ ಅದು. ಅವನ ಮಂಡಿ ಸೋತ ಮೇಲೆ ಮಗಳು ದುಪ್ಪಟ್ಟಾ ಸೊಂಟಕ್ಕೆ ಬಿಗಿದು ತಾನೇ ಇಳಿದಳು. ಆಗ ದಡದಲ್ಲಿ ನಿಂತು ನಕ್ಕ ಗಂಡಸರು ಈಗ ಅವಳು ಮೇಲೆ ಬರುವಷ್ಟರಲ್ಲಿ ಟವೆಲ್ಲು ಹಿಡಿದು ನಿಂತಿರುತ್ತಾರೆ.

ಅವಳ ಜೊತೆ ಕಾಲೇಜಿನಲ್ಲಿ ಓದಿದ ಮಾನಸ ಈಗ ಭಟ್ಕಳದ ಕಡೆ ನರ್ಸು. ಡಿಸೆಂಬರಿನಲ್ಲಿ ಒಂದು ದಿನ ಫೋನು ಮಾಡಿದಳು.

"ಬೆನ್ನಿಗೆ ಗಾಳಿ ಸಿಲಿಂಡರು ಕಟ್ಟಿ ಸಮುದ್ರದೊಳಕ್ಕೆ ಇಳಿಸ್ತಾರೆ ಕಣೇ. ಬಂಡೆಗೆ ಅಂಟ್ಕಂಡಿರೋ ನೀಲಿಕಲ್ಲು ಅನ್ನೋ ಚಿಪ್ಪುಮೀನ ನಾವೇ ಕಿತ್ಕಂಡು ಬಂದು ಸಾರು ಮಾಡದು. ಸ್ನೇಹನೂ ಬತ್ತಾವ್ಳೆ."

"ಸಿಲಿಂಡರು ನಿಮಗೆ ಬೇಕು. ನಂಗ್ಯಾಕಮ್ಮಿ?" ಅಂದಳು ರಂಜಿತ. ಅದರಲ್ಲಿ ಜಂಬವೂ ಇತ್ತು, ನಿಜವೂ ಇತ್ತು.

ಗಂಡ ಶಿವಶಂಕರ್, "ಅಸೀನ ಹಾಲ ನಾ ಕರ್ಕತೀನಿ, ನೀ ಓಗ್ಬುಟ್ಟು ಬಾ" ಅಂದ. ಕೆ.ಆರ್.ಪೇಟೆಯಲ್ಲಿ ಸ್ಕೂಲ್ ಮೇಡಂ ಆಗಿರುವ ಕಾಲೇಜಿನ ಗೆಳತಿ ಸ್ನೇಹಳೂ ರಂಜಿತಳೂ ಬಸ್ಸು ಹತ್ತಿದರು.

ಭಾನುವಾರ ಬೆಳಿಗ್ಗೆ ದೋಣಿಯಲ್ಲಿ ಕರೆದೊಯ್ದವನು ಜಟ್ಟಪ್ಪ. ಹುಟ್ಟಿದಾಗಿನಿಂದ ಕಡಲಲ್ಲೇ ಇದ್ದವನು, ಮಾತು ಕಡಿಮೆ. ಮೊದಲು ಎದೆಮಟ್ಟದ ನೀರಿನಲ್ಲಿ ನಿಲ್ಲಿಸಿ, ಬಾಯಲ್ಲಿ ಸಿಲಿಂಡರಿನ ನಳಿಗೆ ಕಚ್ಚಿ ಉಸಿರಾಡುವುದನ್ನು ಕಲಿಸಿದ. ಮಾನಸ, ಸ್ನೇಹ ಇಬ್ಬರೂ ಬೇಗ ಕಲಿತರು. ತಪ್ಪಿದವಳು ರಂಜಿತ. ತಲೆ ಮುಳುಗಿದ ಕೂಡಲೇ ಅವಳ ಎದೆ ತಾನಾಗಿ ಬಿಗಿದು ಉಸಿರು ಹಿಡಿಯುತ್ತಿತ್ತು. ಹೊಳೆಯಲ್ಲಿ ಅವಳನ್ನು ಕಾಪಾಡಿದ್ದೇ ಆ ಬಿಗಿತ.

ಜಟ್ಟಪ್ಪ ಅವಳನ್ನು ಮೇಲಕ್ಕೆ ಕರೆದ. "ಇಲ್ಲಿ ದಮ್ಮು ಕಟ್ಟುಕಾಗ ತಂಗಿ. ಮೇಲೆ ಬರ್ವಾಗ ಉಸಿರು ಹಿಡಿದ್ರೆ ಎದೆಯೊಳಗಿನ ಗಾಳಿ ಉಬ್ತದೆ, ಜೀವಕ್ಕೇ ಅಪಾಯ. ಎಳಿ, ಬಿಡು. ಅಷ್ಟೇ."

"ಇಷ್ಟು ವರ್ಸ ಮುಳುಗಿವ್ನಿ ಅಣ್ಣ."

"ಅದೇ ಮರೀಬೇಕು."

ರಂಜಿತಳಿಗೆ ಮುಖ ಬಿಸಿಯಾಯಿತು. ಆದರೆ ನೀರಿನ ವಿಷಯದಲ್ಲಿ ಹಟ ಮಾಡಬಾರದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮತ್ತೆ ಇಳಿದಳು, ಮತ್ತೆ ಮತ್ತೆ ಇಳಿದಳು. ಕೊನೆಗೊಮ್ಮೆ ಗುಳ್ಳೆಗಳು ಕಿವಿಯ ಪಕ್ಕದಲ್ಲೇ ಗುಳುಗುಳು ಎಂದು ಸಾಲಾಗಿ ಮೇಲೆ ಹೋದವು. ಜಟ್ಟಪ್ಪ ತಲೆಯಾಡಿಸಿದ.

ಬಂಡೆಯ ಹತ್ತಿರ ಆಳ ಹೆಚ್ಚೇನಿರಲಿಲ್ಲ, ಮೂರಾಳು ಇದ್ದೀತು. ಹೊಳೆಯಲ್ಲಿ ಕಣ್ಣು ಬಿಟ್ಟರೆ ಕಾಣುವುದು ಕೆಸರಿನ ಬಣ್ಣ, ಕೈಯೇ ಕಣ್ಣು. ಇಲ್ಲಿ ಎಲ್ಲವೂ ಕಾಣುತ್ತಿತ್ತು. ಹಳದಿ ಪಟ್ಟೆಯ ಮೀನುಗಳು ಮುಖದ ಮುಂದೆಯೇ ಹಾದವು. ಕಪ್ಪು ನೀಲಿ ಚಿಪ್ಪುಗಳು ಒತ್ತೊತ್ತಾಗಿ ಬಂಡೆ ಕಚ್ಚಿಕೊಂಡಿದ್ದವು. ರಂಜಿತ ಚಪ್ಪಟೆ ಉಳಿ ತೂರಿಸಿ ತಿರುವಿದಳು. ಗೊಂಚಲು ಕಳಚಿ ಬಲೆಚೀಲಕ್ಕೆ ಬಿತ್ತು. ತುಕ್ಕು ಹಿಡಿದ ನಟ್ಟು ಬಿಚ್ಚುವ ಕೈಗೆ ಇದು ಸುಲಭ.

ಚೀಲ ಅರ್ಧ ತುಂಬಿದ್ದಾಗ ಒಂದು ದೊಡ್ಡ ಅಲೆ ಮೇಲೆ ಹಾದು ಎಲ್ಲರನ್ನೂ ತೂಗಿತು. ಸ್ನೇಹಳ ಭುಜ ಬಂಡೆಗೆ ಬಡಿಯಿತು, ಕಣ್ಣು ಮೂಗು ಮುಚ್ಚಿದ್ದ ಮುಳುಗುಗನ್ನಡಕ ಸರಿದು ಒಳಗೆ ನೀರು ನುಗ್ಗಿತು. ಅವಳು ಕೈಕಾಲು ಬಡಿದು ಮೇಲಕ್ಕೆ ಹಾರಲು ನೋಡಿದಳು. ಅವಳ ಗುಳ್ಳೆ ನಿಂತುಹೋಗಿತ್ತು.

ರಂಜಿತ ಉಳಿ ಬಿಟ್ಟು ಅವಳ ರಟ್ಟೆ ಹಿಡಿದಳು. ಎಳೆಯಲಿಲ್ಲ, ಹಿಡಿದಳು ಅಷ್ಟೇ. ಮುಖಕ್ಕೆ ಮುಖ ತಂದು ಅವಳ ಅಂಗೈಯನ್ನು ತನ್ನ ಎದೆಯ ಮೇಲೆ ಒತ್ತಿಕೊಂಡು ನಿಧಾನ ಉಸಿರೆಳೆದಳು, ಬಿಟ್ಟಳು. ಮತ್ತೆ ಎಳೆದಳು, ಬಿಟ್ಟಳು. ಸ್ನೇಹಳಿಗೆ ಕಣ್ಣು ಕಾಣದಿದ್ದರೂ ಅಂಗೈಗೆ ತಿಳಿಯಿತು. ಅವಳ ಬಾಯಿಂದಲೂ ಗುಳ್ಳೆಗಳು ಹೊರಟವು. ಅಷ್ಟರಲ್ಲಿ ಜಟ್ಟಪ್ಪ ಬಂದು ಕನ್ನಡಕ ಸರಿಪಡಿಸಿ, ಮೂಗಿನಿಂದ ಊದಿ ಒಳಗಿನ ನೀರು ತೆಗೆಯುವಂತೆ ಸನ್ನೆ ಮಾಡಿದ. ಎಲ್ಲರೂ ಸಾವಕಾಶವಾಗಿ ಮೇಲೆ ಬಂದರು.

ದೋಣಿಯಲ್ಲಿ ಸ್ನೇಹ ಸ್ವಲ್ಪ ಹೊತ್ತು ಅತ್ತಳು. ಆಮೇಲೆ, "ಇನ್ನೊಂದ್ ಸಲ ಇಳೀಲೇನೇ?" ಅಂದಳು.

"ಇಳಿ. ನಾ ಪಕ್ಕದಲ್ಲೇ ಇರ್ತೀನಿ," ಅಂದಳು ರಂಜಿತ.

ಇಳಿದರು. ರಂಜಿತ ಬಂಡೆಯ ಬುಡದಲ್ಲಿ ಬಿದ್ದಿದ್ದ ಉಳಿಯನ್ನೂ ಹುಡುಕಿ ತಂದಳು.

ಮಧ್ಯಾಹ್ನ ಮಾನಸಳ ಮನೆಯಲ್ಲಿ ನೀಲಿಕಲ್ಲು ಬೆಂದು ಬಾಯಿ ಬಿಟ್ಟಿತು. ತೆಂಗಿನಕಾಯಿ ಮಸಾಲೆ ಜಟ್ಟಪ್ಪನ ಹೆಂಡತಿಯದು. ರಂಜಿತ ರಾಗಿ ಮುದ್ದೆ ತೊಳಸಿ ಕಟ್ಟಿದಳು. ಊಟಕ್ಕೆ ಬಂದಿದ್ದ ಜಟ್ಟಪ್ಪ ಮುದ್ದೆಯ ಮೊದಲ ತುತ್ತನ್ನು ಅಗಿಯುತ್ತಾ ಅಗಿಯುತ್ತಾ ಕುಳಿತ.

"ಅಗೀಬೇಡ ಕಣಣ್ಣ, ನುಂಗು," ಅಂದಳು ರಂಜಿತ. "ಇದ ನಾ ಏಳ್ಕೊಡ್ತೀನಿ."

ಮಾತು ಕಡಿಮೆಯ ಮನುಷ್ಯ ನಕ್ಕು, ಇನ್ನೊಂದು ತುತ್ತು ಮುರಿದು ಸಾರಿಗೆ ಅದ್ದಿದ.