ಹಿಂದಕ್ಕೆ ಬರುವ ಕಾರೂ ದಿಬ್ಬದ ಮೇಲಿನ ದನಿಯೂ

ಕಾರನ್ನು ಹಿಂದಕ್ಕೆ ತೆಗೆಯುವವನನ್ನು ನಮ್ಮ ಕಡೆ ಒಂಟಿಯಾಗಿ ಬಿಡುವ ಪದ್ಧತಿಯಿಲ್ಲ. ನಂಬಿಕೆಯಿಲ್ಲದಿದ್ದರೆ ನೀವೇ ಚಿಂತಾಮಣಿಯ ಯಾವುದಾದರೂ ಬೀದಿಯಲ್ಲಿ ರಿವರ್ಸ್ ಗೇರು ಹಾಕಿ ನೋಡಿ. ಅದುವರೆಗೆ ಟೊಮೆಟೊ ಆರಿಸುತ್ತಿದ್ದವರು, ಬಸ್ಸಿಗೆ ಕಾಯುತ್ತಿದ್ದವರು, ಏನೂ ಮಾಡದೆ ನಿಂತಿದ್ದವರು, ಎಲ್ಲರೂ ಏಕಾಏಕಿ ಲೋಕೋಪಕಾರಿಗಳಾಗಿ ಕಾರಿನ ಹಿಂದೆ ಪ್ರತ್ಯಕ್ಷರಾಗುತ್ತಾರೆ. ಒಬ್ಬರು ‘ಬರ್ಲಿ, ಬರ್ಲಿ’ ಎಂದರೆ ಇನ್ನೊಬ್ಬರು ತೆಲುಗಿನಲ್ಲಿ ‘ರಾನೀ, ರಾನೀ’ ಎನ್ನುತ್ತಾರೆ, ಮೂರನೆಯವರು ಉರ್ದುವಿನಲ್ಲಿ ‘ಆನೇ ದೋ’ ಎಂದು ಕೈಬೀಸುತ್ತಾರೆ. ಮೂರಕ್ಕೂ ಅರ್ಥ ಒಂದೇ. ಸರ್ಕಾರಗಳು ಹೆಣಗಾಡಿದ ತ್ರಿಭಾಷಾ ಸೂತ್ರ ನನ್ನ ಕಾರಿನ ಹಿಂದೆ ಯಾವ ತಕರಾರೂ ಇಲ್ಲದೆ ಜಾರಿಯಲ್ಲಿದೆ.

ಐವತ್ತೆರಡನೆಯ ವಯಸ್ಸಿನಲ್ಲಿ ಚಾಲನಾವಿದ್ಯೆಗೆ ಅಕ್ಷರಾಭ್ಯಾಸ ಮಾಡಿಸಿಕೊಂಡ ನನ್ನಂಥವನಿಗೆ ಈ ಸ್ವಯಂಸೇವಕರೇ ಗತಿ. ಹೋದ ತಿಂಗಳು ಸಂತೆಬೀದಿಯಲ್ಲಿ ಐದು ಮಂದಿಯ ಸಾಮೂಹಿಕ ಮಾರ್ಗದರ್ಶನದಲ್ಲಿ ಹಿಂದೆ ಬಂದು, ಅವರೆಲ್ಲರ ಸಮ್ಮುಖದಲ್ಲೇ ವಿದ್ಯುತ್ ಕಂಬಕ್ಕೆ ಗುದ್ದಿದೆ. ಸದ್ದು ಅಡಗುವಷ್ಟರಲ್ಲಿ ಐವರೂ ಒಕ್ಕೊರಲಿನಿಂದ “ನೋಡ್ಕೊಂಡ್ ಬರಬಾರ್ದಾ ಸಾರ್?” ಎಂದು ನನ್ನನ್ನೇ ಕೇಳಿ, ಬಂದಷ್ಟೇ ವೇಗವಾಗಿ ಚದುರಿಹೋದರು. ಜಜ್ಜಿಹೋದ ಹಿಂಭಾಗವನ್ನು ಎಳೆದುಕೊಂಡು ನಾನು ಪ್ಯಾರೇಜಾನ್ ಅವರ ಗ್ಯಾರೇಜಿಗೆ ಹೋದೆ.

ಪ್ಯಾರೇಜಾನ್ ಅವರಲ್ಲಿ ಎರಡು ವೈಚಿತ್ರ್ಯಗಳಿದ್ದವು. ಒಂದು, ಅವರು ಯಾವ ಕಾರಿನ ಹಿಂದೆಯೂ ನಿಂತು ‘ಬರ್ಲಿ’ ಎಂದವರಲ್ಲ. ಬೀಗದ ಕೈ ಇಸಿದುಕೊಂಡು ತಾವೇ ಹಿಂದಕ್ಕೆ ತೆಗೆದು, ರಸ್ತೆಗೆ ಮುಖಮಾಡಿ ನಿಲ್ಲಿಸಿಕೊಡುತ್ತಿದ್ದರು. ಎರಡನೆಯದು, ಗ್ಯಾರೇಜಿನ ಗೋಡೆಯ ಟಿವಿಯಲ್ಲಿ ಕಾರು ರೇಸು ಬಂದಾಗ ತಪ್ಪದೆ ನೋಡುತ್ತಿದ್ದರು, ಆದರೆ ಸದ್ದನ್ನು ಪೂರ್ತಿ ಅಡಗಿಸಿ. ಕಾರಣ ಊರಿಗೆಲ್ಲ ಗೊತ್ತಿತ್ತು. ಆ ರೇಸುಗಳಿಗೆ ಕನ್ನಡದಲ್ಲಿ ವೀಕ್ಷಕ ವಿವರಣೆ ಕೊಡುವವರು ಮಂಚೇನಹಳ್ಳಿಯ ಮುನಿರಾಜು.

ಮುನಿರಾಜು ಒಂದು ಕಾಲಕ್ಕೆ ತಾವೇ ರೇಸು ಓಡಿಸಿದವರು. ಗೌರಿಬಿದನೂರಿನ ದಾರಿಯಲ್ಲಿ ಬೇಸಿಗೆಗೆ ಒಣಗಿದ ಕೆರೆಯಂಗಳದಲ್ಲಿ ಅವರ ಓಟವನ್ನು ನಾನೊಮ್ಮೆ ನೋಡಿದ್ದೇನೆ. ನಿಮ್ಮ ನಮ್ಮ ಮನೆ ಮುಂದೆ ನಿಲ್ಲುವಂಥ ಕಾರುಗಳೇ. ಗಾಜು ಕಿತ್ತು, ಬಾಗಿಲು ಬೆಸುಗೆ ಹಾಕಿ, ಮೈಮೇಲೆ ಸುಣ್ಣದಲ್ಲಿ ಅಂಕಿ ಬರೆದಿದ್ದರು. ಹನ್ನೆರಡು ಕಾರು ಹೊರಟ ಮರುಕ್ಷಣ ಕೆರೆಗೆ ಕೆರೆಯೇ ಧೂಳಿನಲ್ಲಿ ಮಾಯವಾಯಿತು. ಒಳಗಿದ್ದವರಿಗೆ ತಮ್ಮ ಬಾನೆಟ್ಟೂ ಕಾಣದು. ಏರಿಯ ಪಕ್ಕದ ದಿಬ್ಬದ ಮೇಲೆ, ನನ್ನಿಂದ ಹತ್ತು ಮಾರು ದೂರದಲ್ಲಿ, ವೈರ್‌ಲೆಸ್ಸು ಹಿಡಿದ ಪ್ಯಾರೇಜಾನ್ ನಿಂತಿದ್ದರು. “ಎಡಕ್ಕೆ ಒಬ್ಬ ಅವ್ನೆ… ಹೋದ… ಒಳಗಡೆ ಖಾಲಿ, ನುಗ್ಗು!” ಎಂದು ಅವರು ಹೇಳಿದಂತೆಲ್ಲ ಧೂಳಿನ ಮೋಡದೊಳಗಿಂದ ಮುನಿರಾಜುವಿನ ಹಳದಿ ಕಾರು ಒಂದೊಂದೇ ಕಾರನ್ನು ದಾಟಿಕೊಂಡು ಹೊರಬರುತ್ತಿತ್ತು. ಕಾಣದವನೊಬ್ಬ, ಕಾಣುವವನೊಬ್ಬ, ನಡುವೆ ಬರೀ ಒಂದು ದನಿ. ನನಗೆ ಮೈ ಜುಮ್ಮೆಂದಿತು. ಇಷ್ಟೊಂದು ನಂಬಿಕೆಯನ್ನು ನಾನು ದೇವರ ಮೇಲೂ ಇಟ್ಟವನಲ್ಲ.

ಮರುವರ್ಷ ಅದೇ ಕೆರೆಯಲ್ಲಿ, ಅದೇ ದಿಬ್ಬದಿಂದ ‘ಖಾಲಿ’ ಎಂಬ ಮಾತು ಬಂದಾಗ ಮುನಿರಾಜು ನುಗ್ಗಿದರು. ಅಲ್ಲೊಂದು ಕಾರಿತ್ತು. ಜೀವ ಉಳಿಯಿತು, ಬಲಗೈ ಮಣಿಕಟ್ಟು ಮಾತ್ರ ಮತ್ತೆ ಸ್ಟೀರಿಂಗು ತಿರುಗಿಸುವಂತಾಗಲಿಲ್ಲ. ಪ್ಯಾರೇಜಾನ್ ವೈರ್‌ಲೆಸ್ಸನ್ನು ದಿಬ್ಬದ ಮೇಲೆಯೇ ಇಟ್ಟು ಇಳಿದುಬಂದರಂತೆ. ಆಸ್ಪತ್ರೆಯ ಬಾಗಿಲವರೆಗೆ ಹೋಗಿ ವಾಪಸಾದರಂತೆ. ಕೈಗೆ ಪಟ್ಟಿ ಕಟ್ಟಿಕೊಂಡೇ ಮುನಿರಾಜು ಎರಡು ಸಲ ಗ್ಯಾರೇಜಿಗೆ ಹುಡುಕಿಕೊಂಡು ಬಂದರೆ, ಇವರು ಹಿಂಬಾಗಿಲಿನಿಂದ ಜಾರಿಕೊಂಡರು. ಒಂಬತ್ತು ವರ್ಷ ಇಬ್ಬರೂ ಮಾತಾಡಿರಲಿಲ್ಲ.

ಮುನಿರಾಜು ಟಿವಿಗೆ ಹೋದ ಮೇಲಿನ ಅವರ ಮಾತುಗಾರಿಕೆಯನ್ನು ನೀವು ಕೇಳಬೇಕು. ಮೂವತ್ತು ವರ್ಷ ಪಾಠ ಹೇಳಿದರೂ ಹಿಂದಿನ ಬೆಂಚನ್ನು ಎಚ್ಚರವಾಗಿಡಲಾಗದ ನನಗೆ ಅವರ ಮೇಲೆ ಭಕ್ತಿಯಷ್ಟೇ ಹೊಟ್ಟೆಯುರಿಯೂ ಇದೆ. ಕಿರುಚುವುದಿಲ್ಲ, ವಿಶೇಷಣಗಳನ್ನು ಸುರಿಯುವುದಿಲ್ಲ. “ಈಗ ನೋಡ್ರಪ್ಪ, ನೀಲಿ ಕಾರಿನೋನು ಹೊರಗಡೆಯಿಂದ ಬರ್ತಾನೆ” ಎನ್ನುತ್ತಾರೆ. ನೀಲಿ ಕಾರು, ಅವರ ಮಾತು ಕೇಳಿಸಿಕೊಂಡಂತೆ, ಹೊರಗಡೆಯಿಂದಲೇ ಬರುತ್ತದೆ. ಸಪ್ತಸಾಗರದಾಚೆಯ ರೇಸಿನಲ್ಲಿ ಏನಾಗಲಿದೆ ಎಂಬುದು ಮಂಚೇನಹಳ್ಳಿಯ ಮನುಷ್ಯನಿಗೆ ಮೊದಲೇ ಗೊತ್ತಿರುವುದನ್ನು ಕಂಡು ನಾನು ಕೈಯಲ್ಲಿನ ಕಾಫಿ ಆರಿಹೋದರೂ ತಿಳಿಯದೆ ಕೂತುಬಿಡುತ್ತೇನೆ.

ಕಂಬಕ್ಕೆ ಗುದ್ದಿ ನಾನು ಗ್ಯಾರೇಜಿಗೆ ಹೋದ ಆ ಭಾನುವಾರ ಮಧ್ಯಾಹ್ನ ಪ್ಯಾರೇಜಾನ್ ನನ್ನ ಕಾರಿನ ತಗ್ಗನ್ನು ಸುತ್ತಿಗೆಯಿಂದ ಸವರುತ್ತಿದ್ದರು. ಟಿವಿಯಲ್ಲಿ ರೇಸು ಮೂಕಾಭಿನಯ ಮಾಡುತ್ತಿತ್ತು. ನಾನು ಕೂರಲೆಂದು ಹಳೆಯ ಸೀಟೊಂದರ ಮೇಲೆ ಭಾರ ಇಳಿಸಿದೆ. ಅಲ್ಲಿ ರಿಮೋಟಿತ್ತು. ಬೊಜ್ಜು ಕರಗಿಸಿರೆಂಬ ಹೆಂಡತಿಯ ಮಾತನ್ನು ಕೇಳದಿದ್ದುದರಿಂದ ಈ ಲೋಕಕ್ಕೆ ಒದಗಿದ ಏಕೈಕ ಪ್ರಯೋಜನ ಆಗ ಸಂಭವಿಸಿತು: ಗ್ಯಾರೇಜಿನ ತುಂಬ ಮುನಿರಾಜುವಿನ ದನಿ ಮೊಳಗಿತು.

ಪರದೆಯ ಮೇಲೆ ಆಗಷ್ಟೇ ಎರಡು ಕಾರು ಗುದ್ದಿಕೊಂಡಿದ್ದವು. ಕೂದಲೂ ಕೊಂಕದೆ ಹೊರಬಂದ ಚಾಲಕ, ಕಟ್ಟಡದ ಮೇಲಿನಿಂದ ತನಗೆ ದಾರಿ ಹೇಳುತ್ತಿದ್ದವನತ್ತ ಮುಷ್ಟಿ ತೋರಿಸುತ್ತಿದ್ದ. ತಪ್ಪೆಲ್ಲ ಆ ದಾರಿ ಹೇಳಿದವನದೇ ಅಲ್ಲವೇ ಎಂದು ಜೊತೆಯ ನಿರೂಪಕರು ಕೇಳಿದರು. ನಾನು ಗಾಬರಿಯಿಂದ ರಿಮೋಟು ತಡಕಾಡುತ್ತಿದ್ದೆ.

“ಇಲ್ಲ ಸಾರ್,” ಎಂದರು ಮುನಿರಾಜು. “ಪ್ರತಿ ಸಲ ಹೇಳ್ತೀನಿ, ಇವತ್ತೂ ಹೇಳ್ತೀನಿ. ಮೇಲಿರೋನ್ನ ಬೈಬೇಡಿ. ನಾನೂ ಹಿಂಗೇ ಬಿದ್ದೋನು. ನಮ್ಮ ಪ್ಯಾರೇ ಖಾಲಿ ಅಂದಾಗ ಖಾಲೀನೇ ಇತ್ತು. ನಾನು ಹೆದರ್ಕೊಂಡು ಒಂದು ಗಳಿಗೆ ತಡ ಮಾಡ್ದೆ. ಅಷ್ಟ್ರಲ್ಲಿ ಇನ್ನೊಬ್ಬ ಬಂದು ನಿಂತಿದ್ದ. ತಪ್ಪು ನಂದು. ಅವನು ನಂಗೆ ಕಣ್ಣು ಕೊಟ್ಟೋನು ಸಾರ್.”

ಸುತ್ತಿಗೆ ನಿಂತಿತು. ಪ್ಯಾರೇಜಾನ್ ಟಿವಿಯನ್ನೇ ನೋಡುತ್ತ ಕೇಳಿದರು: “ಪ್ರತಿ ಸಲ ಅಂದ್ನಾ ಸಾರ್?”

“ಅಂದ್ರು.”

“ಬೈತಾನೆ ಅನ್ಕೊಂಡಿದ್ದೆ. ನಡುನಡುವೆ ತೋರಿಸ್ತಾರಲ್ಲ, ಆ ಮುಖ ನೋಡೋಕೆ ಟಿವಿ ಹಾಕ್ತಿದ್ದೆ. ಮಾತು ಕೇಳೋ ಧೈರ್ಯ ಇರ್ಲಿಲ್ಲ.” ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. ತೋಳಿನ ಗ್ರೀಸೆಲ್ಲ ಕೆನ್ನೆಗೆ ಬಂತು.

ಈಗ ನನ್ನ ಪಾಪನಿವೇದನೆ. ಮುನಿರಾಜು ಹೀಗೆ ಹೇಳುವುದನ್ನು ನಾನು ಮನೆಯಲ್ಲಿ ಎರಡು ಮೂರು ಸಲ ಕೇಳಿದ್ದೆ. ಊರಿನ ಇನ್ನೂ ಹಲವರು ಕೇಳಿದ್ದರು. ಕೇಳಬೇಕಾದವರು ಕೇಳಿಯೇ ಇರುತ್ತಾರೆ, ನಮಗೇಕೆ ಅವರಿಬ್ಬರ ನಡುವಿನ ಉಸಾಬರಿ ಎಂದು ಎಲ್ಲರೂ ಸುಮ್ಮನಿದ್ದೆವು. ಕಂಡವರ ಕಾರಿಗೆಲ್ಲ ಕರೆಯದೆ ಓಡಿಹೋಗಿ ಮೂರು ಭಾಷೆಯಲ್ಲಿ ದಾರಿ ಹೇಳುವ ನಾವು, ಧೂಳಿನಲ್ಲಿ ಒಂಬತ್ತು ವರ್ಷ ದಾರಿ ಕಾಣದೆ ನಿಂತವನಿಗೆ ಒಂದು ಮಾತು ಹೇಳಿರಲಿಲ್ಲ. ನಾಚಿಕೆಯಾಯಿತು ನನಗೆ. ಇತ್ತ ನಾವು ಬಾಯಿ ಮುಚ್ಚಿಕೊಂಡಿದ್ದಾಗ, ಅತ್ತ ಮುನಿರಾಜು, ಕೇಳುತ್ತಾನೋ ಇಲ್ಲವೋ ಗೊತ್ತಿಲ್ಲದ ಗೆಳೆಯನಿಗೆ, ರೇಸಿನ ಮೇಲೆ ರೇಸು ಅದೇ ಮಾತು ಹೇಳುತ್ತಲೇ ಇದ್ದರಲ್ಲ, ಎಂಥ ಮನುಷ್ಯನಪ್ಪಾ!

ರೇಸು ಮುಗಿಯುವವರೆಗೂ ಪ್ಯಾರೇಜಾನ್ ಸದ್ದು ತಗ್ಗಿಸಲಿಲ್ಲ. ಆಮೇಲೆ ಹೊರಗೆ ಹೋಗಿ ಫೋನು ಹಚ್ಚಿದರು; ಏನು ಮಾತಾಡಿದರೋ ನಾನು ಕೇಳಿಸಿಕೊಳ್ಳಲಿಲ್ಲ, ಅರ್ಧ ಗಂಟೆ ಹಿಡಿಯಿತು. ವಾಪಸು ಬಂದವರಿಗೆ ವಾಡಿಕೆಯಂತೆ ಬೀಗದ ಕೈ ಚಾಚಿದೆ. ಅವರು ಕೈ ಒಡ್ಡಲಿಲ್ಲ.

“ನೀವೇ ಕೂತ್ಕೊಳ್ಳಿ ಸಾರ್,” ಎಂದು ನನ್ನ ಕಾರಿನ ಹಿಂದಕ್ಕೆ ನಡೆದರು.

ರಿವರ್ಸ್ ಗೇರು ಹಾಕಿದೆ. ಹಿಂದೆ ಭಾನುವಾರದ ಬೀದಿ ಗಿಜಿಗುಡುತ್ತಿತ್ತು. ಬ್ರೇಕಿನ ಮೇಲೆ ಕಾಲಿಟ್ಟು ಕಾದೆ. ಆಮೇಲೆ, ಕೆರೆಯಂಗಳದಲ್ಲಿ ಕೇಳಿದ್ದ ಅದೇ ದನಿ ಬಂತು: “ಬರ್ಲಿ… ಬರ್ಲಿ… ಖಾಲಿ ಇದೆ ಸಾರ್, ಬನ್ನಿ.”

ನಾನು ಕನ್ನಡಿ ನೋಡಲಿಲ್ಲ. ಒಂದು ಗಳಿಗೆಯೂ ತಡ ಮಾಡದೆ ಬಂದೆ.